ಮಾದಪ್ಪನ ಎಡಗೈ

ಸುಬೇದಾರರ ಫಿರಂಗಿ ಬೊಂಬೆಗಳ ಸೆಟ್ಟನ್ನು ಕೆಡಿಸಿದ್ದು ನಾನು. ಸೀಸದ ಎರಕವೇ ಸರಿಯಿರಲಿಲ್ಲವೆಂದು ನಮ್ಮ ಅಂಗಡಿಯ ಯಜಮಾನ ಹಮೀದಾಕ, ಸುಬೇದಾರರ ಮಗಳಿಗೆ ಹೇಳಿದರು. ಅದು ಸುಳ್ಳು. ಎರಕ ಸರಿಯಾಗಿತ್ತು, ನನ್ನ ಬುದ್ಧಿ ಸರಿಯಿರಲಿಲ್ಲ.

ಇದು ಮೂರು ವರ್ಷದ ಹಿಂದಿನ ಮಾತು. ನಾನಾಗ ಮಸ್ಕತ್ತಿನ ವಾದಿ ಅದಾಯಿಯಲ್ಲಿ, ಟ್ರೋಫಿ ಮತ್ತು ಮಾಡೆಲ್ ಮಾಡುವ ಅಂಗಡಿಯಲ್ಲಿ ಪೇಂಟಿಂಗ್ ಕೆಲಸಕ್ಕಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಉಳ್ಳಾಲದಲ್ಲಿ ಇಪ್ಪತ್ತು ವರ್ಷ ಬೀಡಿ ಕಟ್ಟಿದ ಬೆರಳು. ಎರಡಿಂಚಿನ ಸಿಪಾಯಿಯ ಕೋಟಿಗೆ ಗುಂಡಿ ಬರೆಯುವುದು ಅದಕ್ಕೆ ಕಷ್ಟವಾಗಲಿಲ್ಲ. ಇಂಥ ಬೊಂಬೆಗಳನ್ನು ಕೂಡಿಡುವವರು ಆಟಕ್ಕೆ ಕೊಳ್ಳುವುದಿಲ್ಲ, ಗಾಜಿನ ಕಪಾಟಿಗೆ ಕೊಳ್ಳುತ್ತಾರೆ. ಅವರಿಗೆ ಚಂದ ಇದ್ದರೆ ಸಾಲದು, ಸರಿ ಇರಬೇಕು.

ಸುಬೇದಾರರು ಮೈಸೂರಿನ ಕಡೆಯವರು. ರಿಟೈರಾಗಿ ಅಲ್ ಖುವೈರಿನಲ್ಲಿ ಮಗಳು ಶೋಭಾಳ ಫ್ಲ್ಯಾಟಿನಲ್ಲಿದ್ದರು. ಲಿವರ್ ಹೋಗಿತ್ತು, ಅದು ಅವರಿಗೂ ಗೊತ್ತಿತ್ತು. ಹೋಗುವ ಮೊದಲು ನೆಪೋಲಿಯನ್ ಕಾಲದ ಒಂದು ಫಿರಂಗಿ, ಅದರ ಸುತ್ತ ಐದು ಸಿಪಾಯಿಗಳು ತಯಾರಾಗಬೇಕೆಂದು ಹಟ ಹಿಡಿದಿದ್ದರು.

ಮೊದಲ ಸಲ ನಾನು ಫಿರಂಗಿಯ ಗಾಡಿಗೆ ಕಂದು ಬಣ್ಣ ಹಚ್ಚಿದ್ದೆ. ಅವರು ವಾಪಸು ಕಳಿಸಿದರು.

"ಮರ ಅಲ್ವಾ ಮಾರಾಯ್ರೆ? ಮರ ಮತ್ತೆಂತ ಬಣ್ಣ ಇರ್ತದೆ?" ಎಂದು ಫೋನಿನಲ್ಲಿ ಕೇಳಿದೆ.

"ಫ್ರೆಂಚರದ್ದು ಆಲಿವ್ ಹಸಿರು ಕಣಮ್ಮ."

"ನೀವು ನೋಡಿದ್ದೀರಾ?"

"ನೋಡಿದವರು ಬರೆದಿಟ್ಟಿದ್ದಾರೆ. ನಿಮ್ಮ ಬೀಡಿಗೆ ನಾನು ಬಾಳೆ ಎಲೆ ಸುತ್ತಿದ್ರೆ ಸುಮ್ನಿರ್ತಿದ್ರಾ?"

ಹಸಿರು ಹಚ್ಚಿದೆ. ಕಡು ನೀಲಿ ಕೋಟು, ಕೆಂಪು ಪಟ್ಟಿ, ಎಲ್ಲ ಅವರು ಹೇಳಿದಂತೆ. ಗುಂಡು ತುಂಬುವವನ ಕೆನ್ನೆಗೆ ಮಾತ್ರ ಒಂದು ಮಚ್ಚೆ ಇಡಲು ಹೇಳಿದರು. ಸೈನ್ಯದಲ್ಲಿ ಗೌರವದ ಸಲಾಮಿ ಹಾರಿಸುವ, ಬಾಯಿಯಿಂದ ಮದ್ದು ತುಂಬುವ ಹಳೆಯ ಫಿರಂಗಿಯೊಂದರಲ್ಲಿ ಅವರ ಜೊತೆಗಿದ್ದ ಮಾದಪ್ಪನಿಗೆ ಅಂಥ ಮಚ್ಚೆ ಇತ್ತಂತೆ. "ಇದೊಂದು ಸುಳ್ಳು ಇರಲಿ ಐಸಮ್ಮ, ಮಿಕ್ಕಿದ್ದೆಲ್ಲ ನಿಜ ಇರಲಿ" ಎಂದರು.

ಎರಡನೆಯ ಸುಳ್ಳು ನಾನು ಸೇರಿಸಿದೆ. ಆ ಸಿಪಾಯಿಯ ಕೈಗಳು ಬಿಡಿಯಾಗಿ ಬಂದಿದ್ದವು, ಸಿಡಿಮದ್ದಿನ ಚೀಲ ಹಿಡಿದದ್ದು ಎಡಗೈ. ಫಿರಂಗಿಯ ಬಾಯಿಗೆ ಎಡಗೈಯಲ್ಲಿ ಇಡುವುದೇ? ನಮ್ಮಲ್ಲಿ ಬಾಯಿಗೆ ಹೋಗುವುದೆಲ್ಲ ಬಲಗೈಯಿಂದ. ಎರಕದವನಿಗೆ ಮರ್ಯಾದೆ ಗೊತ್ತಿಲ್ಲವೆಂದುಕೊಂಡು, ಬೇರೆ ಡಬ್ಬಿಯಿಂದ ಚೀಲ ಹಿಡಿದ ಬಲಗೈ, ಜೋಡಿಗೊಂದು ಬರಿಯ ಎಡಗೈ ಹುಡುಕಿ ಅಂಟಿಸಿದೆ. ಅದು ಬಾಯಿಗೆ ಎಟುಕಲಿಲ್ಲ. ಸಿಪಾಯಿಯನ್ನು ಒಂದು ಹೆಜ್ಜೆ ಮುಂದಕ್ಕೆ ತಂದು ನಿಲ್ಲಿಸಿದೆ. ಯಾರನ್ನೂ ಕೇಳಲಿಲ್ಲ.

ಗುರುವಾರ ಸಂಜೆ ನಾನೇ ಒಯ್ದು ಅವರ ಮಂಚದ ಪಕ್ಕ ಇಟ್ಟೆ. ಅವರು ತುಂಬಾ ಹೊತ್ತು ನೋಡಿದರು.

"ಇವನ ಚೀಲ ಹಿಡಿದ ಎಡಗೈ ಎಲ್ಲಮ್ಮ?"

ನಾನು ಕಾರಣ ಹೇಳಿದೆ. ನಗುತ್ತಾರೆಂದುಕೊಂಡೆ. ನಗಲಿಲ್ಲ.

"ತುಂಬುವವನು ಫಿರಂಗಿಯ ಎಡಗಡೆ ನಿಂತು ಎಡಗೈಯಲ್ಲೇ ತುಂಬಬೇಕು. ಆಗ ಮೈ ಬಾಯಿಯ ಹಿಂದಿರುತ್ತೆ. ಒಳಗೆ ಕಿಡಿ ಉಳಿದು ಸಿಡಿದ್ರೆ ಕೈ ಹೋಗುತ್ತೆ, ಆಳು ಉಳೀತಾನೆ. ಬಲಗೈಯಲ್ಲಿ ತುಂಬೋಕೆ ಬಾಯಿಯ ಮುಂದೆ ಬರ್ಬೇಕು." ಬೊಂಬೆಯ ಕೆನ್ನೆಯ ಮಚ್ಚೆ ಮುಟ್ಟಿ ಹೇಳಿದರು: "ಮಾದಪ್ಪ ಸತ್ತ ದಿನ ಹೀಗೇ ನಿಂತಿದ್ದ. ನಾನು ನೋಡ್ದೆ, ಕೂಗ್ಲಿಲ್ಲ."

ನಾನು ಸೆಟ್ಟನ್ನು ಮತ್ತೆ ಪೆಟ್ಟಿಗೆಗೆ ಹಾಕತೊಡಗಿದೆ.

"ನಾಳೆ ಸರಿ ಮಾಡಿ ತರ್ತೀರಾ?"

"ನಾಳೆ ಶುಕ್ರವಾರ, ಅಂಗಡಿ ಬಂದ್. ಶನಿವಾರ ತರ್ತೇನೆ" ಎಂದು ಸೆಟ್ಟನ್ನು ವಾಪಸು ತಂದು ಅಂಗಡಿಯಲ್ಲಿಟ್ಟೆ. ಬೀಗದ ಕೈ ನನ್ನ ಪರ್ಸಿನಲ್ಲೇ ಇತ್ತು.

ಶುಕ್ರವಾರ ಮಧ್ಯಾಹ್ನ ಅಲ್ ಖೌದಿನಲ್ಲಿ ಮಗಳ ಮನೆಯಲ್ಲಿ ಬಿರಿಯಾನಿ ತಿನ್ನುತ್ತಿದ್ದಾಗ ಶೋಭಾಳ ಫೋನು ಬಂತು. "ಅಜ್ಜಿ, ಅಪ್ಪ ಹೋದ್ರು. ಬೆಳಿಗ್ಗೆ ಎರಡು ಸಲ ಕೇಳಿದ್ರು, ಮಾದಪ್ಪನ ಕೈ ಸರಿಯಾಯ್ತಾ ಅಂತ."

ಗೊತ್ತಿಲ್ಲದ ಕಡೆ ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೆ, ಕಲಿಯುವಾಗ ತಡವಾಗಿತ್ತು.

ಮರುದಿನ ಬೆಳಿಗ್ಗೆ ಏಳಕ್ಕೆ ಅಂಗಡಿ ತೆರೆದೆ. ಬ್ಲೇಡಿನಿಂದ ಎರಡೂ ಕೈ ಬಿಡಿಸಿದೆ. ಚೀಲದ ಎಡಗೈ, ಅದರ ಜೊತೆಯ ಬಲಗೈ ಚೂರುಗಳ ಡಬ್ಬಿಯಲ್ಲೇ ಇದ್ದವು. ಅಂಟಿಸಿ, ನೀಲಿ ಹಚ್ಚಿ, ತೋಳಿನ ತುದಿಗೆ ಕೆಂಪು ಪಟ್ಟಿ ಬರೆದೆ. ಆಮೇಲೆ ಮಾದಪ್ಪನನ್ನು ಹಿಡಿದು ಒಂದು ಹೆಜ್ಜೆ ಹಿಂದಕ್ಕೆ ನಿಲ್ಲಿಸಿದೆ.