ಅಂಗಾಲು ಸುಳ್ಳು ಹೇಳಿದ ಮೇಲೆ

“ಆ ಮುದುಕನ ಮನಸ್ಸು ಭಾಳ ಗಟ್ಟಿ ನೋಡ್ರಿ. ಕಾಲು ತೆಗೀಬೇಕಾಗ್ತದ ಅಂತ ಡಾಕ್ಟರು ಅಂದ ದಿನಾನೇ, ಸಕ್ರಿ ಬಗ್ಗಸ್ತೀನಿ ಅಂತ ಆಣಿ ಮಾಡಿದ. ಅವತ್ತಿನಿಂದ ಬಾಯಿ ಕಟ್ಟಿದ, ಒಂದು ಗುಳಿಗಿ ತಪ್ಪಿಸಲಿಲ್ಲ.”

ಶಹಾಬಾದಿನ ಚಹಾದಂಗಡಿಯಲ್ಲಿ, ವಾಡಿ ಜಂಕ್ಷನ್ನಿನ ಬೆಂಚಿನ ಮೇಲೆ, ಸೇಡಂನಲ್ಲಿರುವ ನನ್ನ ಹೆಂಡತಿಯ ತವರಿನಲ್ಲಿ ನನ್ನ ಕುರಿತು ಹೇಳುವ ಕಥೆ ಇದು. ಚಿತ್ತಾಪುರದ ಆರೋಗ್ಯ ಶಿಬಿರವೊಂದರಲ್ಲಿ ನನ್ನನ್ನೇ ಮುಂದಿನ ಕುರ್ಚಿಯಲ್ಲಿ ಕೂರಿಸಿ, ಇದನ್ನೇ ಮೈಕಿನಲ್ಲಿ ಹೇಳಿ, ಶಾಲು ಹೊದಿಸಿದರು. ಆ ಶಾಲಿನೊಳಗೆ ಬೆವರುತ್ತ ಕುಳಿತಿದ್ದ ನನಗೆ ಎದ್ದು ‘ಇದು ಸುಳ್ಳು’ ಎನ್ನಬೇಕೆನಿಸಿತು. ಅಷ್ಟರಲ್ಲಿ ಮೈಕು ಬೇರೆಯವರ ಕೈಗೆ ಹೋಗಿತ್ತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ನಾನು ಯಾವ ಆಣೆಯನ್ನೂ ಮಾಡಲಿಲ್ಲ. ನಾನು ಸಿಕ್ಕಿಹಾಕಿಕೊಂಡೆ, ಅಷ್ಟೇ. ಇಂದಿಗೂ ಬಿಡಿಸಿಕೊಂಡಿಲ್ಲ.

ನನ್ನ ಕಸುಬು ನೆಲಕ್ಕೆ ಫರಸಿ ಕಲ್ಲು ಹಾಸುವುದು. ಶಹಾಬಾದಿನ ಖಣಿಯ ಕಲ್ಲನ್ನು ವಾಡಿಯ ಕ್ವಾರ್ಟರ್ಸುಗಳಿಗೂ ಚಿಂಚೋಳಿಯ ಕಚೇರಿಗಳ ಪಡಸಾಲೆಗಳಿಗೂ ಹಾಸಿ ಬಂದವನು. ಶಾಲೆ ಬಿಟ್ಟದ್ದು ಬಹಳ ಬೇಗ. ಓದಿದ್ದೆಲ್ಲ ಆಮೇಲೆ, ಸಿಕ್ಕ ಪುಸ್ತಕ, ಸಿಕ್ಕ ಪೇಪರು. ಹಾಗೆ ಓದಿದವನಿಗೆ ಒಂದು ಚಟ ಅಂಟುತ್ತದೆ: ಯಾರು ಏನು ಹೇಳಿದರೂ ‘ನೀವು ಕಣ್ಣಾರೆ ಕಂಡಿರೋ?’ ಎಂದು ಕೇಳುವುದು. ಸಕ್ಕರೆ ಕಾಯಿಲೆ ಇದೆ ಎಂದ ಡಾಕ್ಟರಿಗೂ ಹಾಗೆಯೇ ಕೇಳಿದೆ. ನೋವಿಲ್ಲ, ಜ್ವರವಿಲ್ಲ, ಉಂಡದ್ದು ಕರಗುತ್ತದೆ, ರೋಗವೆಲ್ಲಿದೆ? ಗುಳಿಗೆಯನ್ನು ಮನಸ್ಸು ಬಂದಾಗ ನುಂಗಿದೆ, ಬಾರದಾಗ ಬಿಟ್ಟೆ. ನನಗೆ ನನ್ನ ಮೈಯ ಸಾಕ್ಷಿಯೇ ದೊಡ್ಡದಾಗಿತ್ತು. ಅದರಲ್ಲೂ ಅಂಗಾಲಿನ ಸಾಕ್ಷಿ.

ಅದಕ್ಕೆ ಕಾರಣವಿದೆ. ನಮ್ಮ ಕೂಟದಲ್ಲಿ ಹಾಸು ಮುಗಿದ ಮೇಲೆ ಹಿರಿಯ ಕೈಯವನೊಬ್ಬ ಚಪ್ಪಲಿ ಕಳಚಿ ಇಡೀ ನೆಲವನ್ನು ತುಳಿಯಬೇಕು. ಕಲ್ಲಿನ ಅಂಚು ಕೂದಲೆಳೆಯಷ್ಟು ಎದ್ದಿದ್ದರೂ, ಅಡಿಯಲ್ಲಿ ಗಚ್ಚು ತುಂಬದೆ ಪೊಳ್ಳು ಉಳಿದಿದ್ದರೂ ಅಂಗಾಲಿಗೆ ತಿಳಿಯುತ್ತದೆ. ಅವನು ‘ಕಲ್ಲು ಕುಂತದ’ ಎಂದ ಮೇಲೆಯೇ ಕೆಲಸ ಮುಗಿಯಿತು. ಬಹಳ ವರ್ಷ ಆ ಮಾತನ್ನು ಹೇಳಿದವನು ನಾನು.

ಸೇಡಂನಲ್ಲಿ ನನ್ನ ಹೆಂಡತಿಯ ತಮ್ಮ ಮನೆ ಕಟ್ಟಿದ. ವಾಸ್ತುಶಾಂತಿ ಇದ್ದದ್ದು ಉರಿಬಿಸಿಲಿನ ದಿನಗಳಲ್ಲಿ. ಊಟದ ಮುಂಚೆ ಅವನು ನನ್ನನ್ನು ಅಂಗಳಕ್ಕೆ ಕರೆದ. “ಭಾವಾ, ನೀವು ಒಂದ್ಸಲ ತುಳದು ಹೇಳ್ರಿ. ನಿಮ್ಮ ಬಾಯಿಂದ ಬಂದ್ರನೇ ಸಮಾಧಾನ.” ಪೆಂಡಾಲಿನ ನೆರಳು ಅರ್ಧ ಅಂಗಳಕ್ಕೆ ಮಾತ್ರ ಇತ್ತು. ನಾನು ಚಪ್ಪಲಿ ಕಳಚಿ ಬಿಸಿಲಿಗಿಳಿದೆ. ಕರಿಯ ಕಲ್ಲು. ಸಾಲು ಹಿಡಿದು ನಿಧಾನವಾಗಿ ನಡೆದೆ. ಮೂಲೆಗಳಲ್ಲಿ ನಿಂತು ಹಿಮ್ಮಡಿಯಿಂದ ಒತ್ತಿದೆ. ನೆರಳಿನಲ್ಲಿದ್ದ ಹೆಣ್ಣುಮಗಳೊಬ್ಬಳು ಕೂಗಿದಳು:

“ಕಾಕಾ, ಕಾಲು ಸುಡಲಾಕತ್ತಿಲ್ಲೇನ್ರಿ?”

“ಕಲ್ಲು ತಣ್ಣಗ ಅದವ್ವ. ನನ್ನ ಗುರ್ತು ಹಿಡದದ!” ಎಂದೆ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಕಲ್ಲು ಕುಂತದ ಎಂದು ಸಾರಿ, ಬಂದು ಊಟಕ್ಕೆ ಕುಳಿತೆ.

ಮರಳುವಾಗ ರೈಲಿನಲ್ಲಿ ಚಿತ್ತಾಪುರ ದಾಟುವವರೆಗೂ ಆ ಕಲ್ಲಿನದೇ ಮಾತು. ಶಹಾಬಾದಿನ ಗಾಡಿಗಾಗಿ ವಾಡಿಯಲ್ಲಿ ಇಳಿದು ಬೆಂಚಿನ ಮೇಲೆ ಕುಳಿತಾಗ ನನ್ನ ಹೆಂಡತಿ ಕೆಳಗೆ ನೋಡಿದಳು.

“ಏನ್ರಿ ಇದು, ಚಪ್ಪಲಿ ಹಸಿ ಅದ? ನೀರಾಗ ಕಾಲಿಟ್ಟೀರೇನು?”

ನಾನು ನೀರಿನಲ್ಲಿ ಕಾಲಿಟ್ಟಿರಲಿಲ್ಲ. ಅವಳು ಬಾಗಿ ನನ್ನ ಪಾದ ಎತ್ತಿದಳು. ಅಂಗಾಲಿನ ಚರ್ಮ ಬೊಬ್ಬೆಯೆದ್ದು, ಒಡೆದು, ಒಂದು ಕಡೆ ಸುಲಿದೇ ಹೋಗಿತ್ತು. ಅವಳು “ಅಯ್ಯ ಶಿವನ” ಎಂದು ಬಾಯಿಗೆ ಸೆರಗು ಹಿಡಿದಳು. ನಾನು ನನ್ನ ಕಾಲನ್ನು ಯಾರದೋ ಕಾಲೆಂಬಂತೆ ನೋಡಿದೆ. ನೋವಿರಲಿಲ್ಲ. ಕಲ್ಲು ಕೆಂಡದಂತೆ ಕಾದಿತ್ತು, ಅಂಗಾಲು ತಣ್ಣಗಿದೆ ಎಂದು ಹೇಳಿತ್ತು, ನಾನು ಅದನ್ನು ಊರಿಗೆಲ್ಲ ಸಾರಿದ್ದೆ. ಇನ್ನೆಷ್ಟು ನೆಲಗಳ ಬಗ್ಗೆ ಅದು ನನಗೆ ಹೀಗೆ ಹೇಳಿತ್ತೋ.

ಬಲಗಾಲಿನ ಗಾಯ ಮಾಯಲಿಲ್ಲ. ಕಲಬುರಗಿಯ ಡಾಕ್ಟರು ಕಿರುಬೆರಳನ್ನು ತೆಗೆದು, “ಸಕ್ಕರೆಯಿಂದ ಅಂಗಾಲಿಗಿ ಜೋಮು ಹಿಡದದ, ಅದಕ್ಕ ಸುಟ್ಟದ್ದು ಗೊತ್ತಾಗಿಲ್ಲ. ಇನ್ನು ಮುಂದ ನಿಮ್ಮ ಕೈಯಾಗ ಅದ. ಸಕ್ಕರೆ ಇಳೀಬೇಕು, ಈ ಕಾಲು ನೆಲಕ್ಕ ತಾಗಬಾರದು. ಇಲ್ಲಂದ್ರ ಪಾದ ಉಳಿಯಂಗಿಲ್ಲ” ಎಂದರು. ಆಣೆ ಮಾಡಿದ ದಿನ ಎಂದು ಜನ ಹೇಳುವುದು ಇದನ್ನೇ. ಆ ದಿನ ನಾನು ಕೇಳಿದ್ದು ಮನೆಗೆ ಯಾವಾಗ ಬಿಡುತ್ತೀರಿ ಎಂದು ಮಾತ್ರ.

ಮನೆಗೆ ಬಿಟ್ಟರು. ಅದು ನಾನೇ ಹಾಸಿದ ಮನೆ. ಹೊಸ್ತಿಲಿನಿಂದ ಬಚ್ಚಲಿನವರೆಗೆ ಫರಸಿ. ಅದರ ನಡುವೆ ಒಂದು ಮಂಚ, ಮಂಚದ ಮೇಲೆ ನಾನು. ನನ್ನ ಕಲ್ಲಿನ ಮೇಲೆ ನಾನೇ ಕಾಲಿಡುವಂತಿಲ್ಲ. ಮಗನಿಗೆ ವಾಡಿಯ ಕಾರ್ಖಾನೆಯ ಪಾಳಿ, ಸೊಸೆಗೆ ಅಂಗನವಾಡಿ, ಹಗಲೆಲ್ಲ ನಾನು, ನನ್ನ ಹೆಂಡತಿ ಇಬ್ಬರೇ. ಕಿಟಕಿಯಿಂದ ಪಕ್ಕದ ಮನೆಯ ಗೋಡೆ ಕಾಣುತ್ತಿತ್ತು. ಒಣ ರೊಟ್ಟಿ, ಪುಂಡಿಪಲ್ಯ, ಸೂಜಿ, ಗುಳಿಗೆ. ಮತ್ತೆ ಅದೇ ಗೋಡೆ. ಬದುಕುವ ಆಸೆ ಕಷ್ಟಕಾಲದಲ್ಲಿ ತಾನಾಗಿ ಹುಟ್ಟುತ್ತದೆ ಎಂದು ಓದಿದ್ದೆ. ನಾನು ಕಾದೆ; ಹುಟ್ಟಲಿಲ್ಲ. ಒಂದು ಬೆಳಿಗ್ಗೆ ಗುಳಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, “ಸಾಕು, ಒಯ್ಯಿ. ಕಾಲು ಹೋದ್ರ ಹೋಗ್ಲಿ” ಎಂದೆ.

ಅವಳು ಬೇಡಿಕೊಳ್ಳುವಳೆಂದುಕೊಂಡಿದ್ದೆ. ಅವಳಿಗೂ ಸಕ್ಕರೆ ಇತ್ತು, ಜೊತೆಗೆ ಬೀಪಿ. ಅವಳು ತನ್ನ ಗುಳಿಗೆಗಳನ್ನು ತಂದು ನನ್ನವುಗಳ ಪಕ್ಕದಲ್ಲಿ ಇಟ್ಟಳು.

“ಇದೇನು?”

“ನಿಮಗ ಬ್ಯಾಡಾದದ್ದು ನನಗ್ಯಾಕ ಬೇಕು?”

“ಹುಚ್ಚಿ ಇದ್ದೀಯೇನು? ನಿನ್ನ ರೋಗ ಬ್ಯಾರೆ, ನಂದು ಬ್ಯಾರೆ.”

“ಹೌದ್ರಿ, ಬ್ಯಾರೆ. ನೀವು ನುಂಗಿದ ದಿನ ನಾ ನುಂಗ್ತೀನಿ.” ಇಷ್ಟು ಹೇಳಿ ಹಿಟ್ಟು ನಾದಲು ಹೋದಳು.

ಬರೀ ಬೆದರಿಕೆ ಎಂದು ಬಗೆದೆ. ನನ್ನ ಹಟದ ಮುಂದೆ ಯಾರ ಹಟ ನಿಂತದ್ದಿದೆ? ಮರುದಿನವೂ ಗುಳಿಗೆಗಳು ಕಟ್ಟೆಯ ಮೇಲೆಯೇ ಇದ್ದವು, ಅವಳವೂ ನನ್ನವೂ. ಅದರ ಮರುದಿನ ರೊಟ್ಟಿ ಬಡಿಯುವ ಸದ್ದು ನಡುವೆಯೇ ನಿಂತಿತು. ಅವಳು ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಕುಸಿದು ಕುಳಿತಳು. ಕಣ್ಣು ಮುಚ್ಚಿದ್ದವು, ಮುಖದಲ್ಲಿ ಬೆವರು.

“ಏ, ಏನಾತು?”

“ತಲಿ ತಿರಗಲಾಕತ್ತದ.”

ನಾನು ಮಂಚದಿಂದ ಎಡಗಾಲು ಇಳಿಸಿದೆ. ಅವಳು ಕಣ್ಣು ತೆರೆಯದೆಯೇ ಗದರಿದಳು: “ಕೆಳಗ ಇಳದೀರಿ ನೋಡ್ರಿ!”

ನಮ್ಮಿಬ್ಬರ ನಡುವೆ ಇದ್ದದ್ದು ಕೆಲವು ಕಲ್ಲುಗಳ ಅಂತರ. ನಾನೇ ಅಳೆದು, ನಾನೇ ಕೊರೆದು ಕೂರಿಸಿದ ಕಲ್ಲುಗಳು. ದಾಟಿದರೆ ಕಾಲು ಹೋಗುತ್ತದೆ. ದಾಟದಿದ್ದರೆ ಅವಳು ಹೀಗೆಯೇ ಕುಳಿತಿರುತ್ತಾಳೆ. ಕೂಗಿದರೆ ಕೇಳುವ ನೆರೆಯವರು ಯಾರೂ ಆ ಹೊತ್ತಿಗೆ ಮನೆಯಲ್ಲಿರಲಿಲ್ಲ. ನಾನು ಕೈ ಚಾಚಿ ನನ್ನ ಗುಳಿಗೆ ತೆಗೆದು ನುಂಗಿದೆ.

“ನುಂಗಿದೆ, ನೋಡು. ನಿಂದು ತಗೋ.”

“ಬಾಯಿ ತಗೀರಿ.”

ಊರಿಗೆಲ್ಲ ನೆಲದ ತೀರ್ಪು ಕೊಟ್ಟವನು ಕೂಸಿನಂತೆ ಬಾಯಿ ತೆರೆದು ತೋರಿಸಿದೆ. ಅವಳ ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿ ನೆಲದ ಮೇಲೆ ಜಾರಿಸಿದೆ. ಅಂಚು ಎಲ್ಲಿಯೂ ಎದ್ದಿರಲಿಲ್ಲ. ಪೊಟ್ಟಣ ಸರಾಗವಾಗಿ ಅವಳ ಸೀರೆಯ ನೆರಿಗೆಯವರೆಗೆ ಹೋಯಿತು. ಸಂಜೆ ಮಗ ಬಂದು ಅವಳನ್ನು ದವಾಖಾನೆಗೆ ಕರೆದೊಯ್ದ. ಮರಳಿ ಬಂದವಳು ತನ್ನ ಗುಳಿಗೆಗಳನ್ನು ಮತ್ತೆ ನನ್ನವುಗಳ ಪಕ್ಕದಲ್ಲಿ ಇಟ್ಟಳು. ಅಂದಿನಿಂದ ನನಗೆ ಗುಳಿಗೆ ಬಿಡುವ ಸ್ವಾತಂತ್ರ್ಯವಿಲ್ಲ.

ಪಾದ ಉಳಿಯಿತು. ಈಗ ದಿನವೂ ಬೆಳಕು ಹರಿದ ಮೇಲೆ ಮುಂಬಾಗಿಲ ಕಟ್ಟೆಯ ಮೇಲೆ ಎದುರುಬದುರು ಕೂರುತ್ತೇವೆ. ಅವಳು ನನ್ನ ಅಂಗಾಲುಗಳನ್ನು ಮಡಿಲಿಗೆಳೆದು ಬೆರಳ ಸಂದು ಬಿಡಿಸಿ ನೋಡುತ್ತಾಳೆ. ಆಮೇಲೆ ನಾನು ಅವಳವನ್ನು ನೋಡುತ್ತೇನೆ, ಏಕೆಂದರೆ ಅವಳ ಪಾದಗಳಿಗೂ ಜೋಮು ಹತ್ತಿದೆ. ನಂತರ ಗುಳಿಗೆ, ನಂತರ ನಡಿಗೆ. ನಡಿಗೆ ನನಗೆ ಒಂದು ದಿನವೂ ಖುಷಿ ಕೊಟ್ಟಿಲ್ಲ.

ಮೊನ್ನೆ ವಾಡಿಯಿಂದ ಗೆಳೆಯ ಬಂದಿದ್ದ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತನಾದವನು. ಆಣೆಯ ಕಥೆಯನ್ನು ಊರೂರಿಗೆ ಸಾಗಿಸಿದವನು ಅವನೇ.

“ಚಂದ್ರಂಪಳ್ಳಿ ಡ್ಯಾಮಿಗೆ ಹೊಂಟೀವಿ, ಎರಡು ದಿನ. ಬಾ ಮಾರಾಯ.”

“ಆಗಂಗಿಲ್ಲ. ಇಕಿ ಅಂಗಾಲು ಯಾರು ನೋಡ್ತಾರ?”

“ಸೊಸಿ ನೋಡ್ತಾಳ.”

“ಸೊಸಿಗಿ ಕಾಲು ಕೊಡಂಗಿಲ್ಲ ಇಕಿ. ಮತ್ತ ನೀ ಆ ಸುಳ್ಳು ಕಥಿ ಹೇಳೋದು ಬಿಡು.”

“ಹೆಂಡ್ತಿಗಿ ಅಂಜಿ ಗುಳಿಗಿ ನುಂಗಿದ ಅಂತ ಹೇಳಿದ್ರ ನಿನಗ ಶಾಲು ಯಾರು ಹೊದಿಸ್ತಿದ್ರು?” ಎಂದು ನಕ್ಕು ಅವನು ಹೊರಟುಹೋದ. ಡ್ಯಾಮಿನ ನೀರು ಈಗ ತುಂಬಿರಬಹುದು. ನಾನು ನೋಡಲಿಲ್ಲ.

ನನ್ನ ಮಾತನ್ನೂ ಹಾಗೆಯೇ ನಂಬಬೇಡಿ. ಸೇಡಂನ ಆ ಅಂಗಳದ ಕರಿಯ ಕಲ್ಲು ಇನ್ನೂ ಅಲ್ಲಿದೆ. ಬೇಸಿಗೆಯ ನಡುಹಗಲಿನಲ್ಲಿ ಅಂಗೈ ಇಟ್ಟು ನೋಡಬಹುದು. ಬದುಕಿರುವ ಸಾಕ್ಷಿಯೇ ಬೇಕೆಂದರೆ ಬೆಳಿಗ್ಗೆ ನಮ್ಮ ಕಟ್ಟೆಗೆ ಬನ್ನಿ. ಆಣೆ ಯಾರು ಮಾಡಿದರೆಂದು ಅವಳನ್ನೇ ಕೇಳಿ. ಹೇಳುತ್ತಾಳೆ, ಆದರೆ ಅದಕ್ಕೂ ಮೊದಲು, “ಕುಂದ್ರಿ, ಚಪ್ಪಲಿ ಬಿಡ್ರಿ, ಅಂಗಾಲು ತೋರಸ್ರಿ” ಎನ್ನುತ್ತಾಳೆ.