ಬೆಳ್ಳಿಯ ಮೇಲೆ ಕೂತ ದೇವರು

ನನ್ನ ಗಂಡನಿಗೆ ಕೆಲಸ ಸಾಫ್ಟ್‌ವೇರಿನಲ್ಲಿ, ಜೀವ ಹಳೆಯ ನಾಣ್ಯಗಳಲ್ಲಿ. ಪರದೇಶದಲ್ಲಿ, ಬಿಶಾನ್‌ನ ನಮ್ಮ ಫ್ಲ್ಯಾಟಿನಲ್ಲಿ ಅವರ ಮೇಜು ಒರೆಸುವುದಕ್ಕೂ ನನ್ನನ್ನು ಬಿಡುತ್ತಿರಲಿಲ್ಲ. ಎಲ್ಲಕ್ಕಿಂತ ಪ್ರೀತಿಯದು ವೆನಿಸ್‌ನ ಒಂದು ಬೆಳ್ಳಿ ನಾಣ್ಯ. ಏಳೆಂಟು ನೂರು ವರ್ಷ ಹಳೆಯದು, ತೆಳ್ಳಗೆ, ಮಸಿ ಬಣ್ಣಕ್ಕೆ ತಿರುಗಿತ್ತು. ಒಂದು ಕಡೆ ಸಂತನೊಬ್ಬ ಊರಿನ ದೊರೆಗೆ ಬಾವುಟ ಒಪ್ಪಿಸುತ್ತಿದ್ದ. ಇನ್ನೊಂದು ಕಡೆ ಪೀಠದ ಮೇಲೆ ಏಸು, ಕೈಯಲ್ಲಿ ಪುಸ್ತಕ, ತಲೆಯ ಸುತ್ತ ಪ್ರಭೆ. "ಇದು ಹಡಗಲ್ಲಿ ಮುಸ್ಲಿಮರ ಬಂದರುಗಳಿಗೂ ಹೋಗ್ತಿತ್ತು. ದೇವರು ಬೇರೆ, ಆದ್ರೆ ಬೆಳ್ಳಿ ಚೊಕ್ಕ ಅಂತ ಎಲ್ರೂ ಟ್ರಸ್ಟ್ ಮಾಡ್ತಿದ್ರು" ಎನ್ನುತ್ತಿದ್ದರು.

ಉಡುಪಿ ಕಡೆಯಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಒಂದು ಬೆಳಿಗ್ಗೆ ಅದನ್ನು ಎತ್ತಿಕೊಂಡು ಹೋಗಿ ದೇವರ ಗೂಡಿನಲ್ಲಿ ಕೃಷ್ಣನ ಪಕ್ಕ ಇಟ್ಟು ಕುಂಕುಮ ಹಚ್ಚಿಬಿಟ್ಟರು.

"ಅಮ್ಮ, ಕಾಯಿನ್ ಹಾಳಾಗುತ್ತೆ! ಅದು ನಮ್ಮ ದೇವರಲ್ಲ, ಏಸು" ಎಂದು ಇವರು ಕೂಗಾಡಿದರು.

"ಏಸು ಆದ್ರೆ ಎಂತ ಮಾರಾಯ? ಊರಿನ ಇಗರ್ಜಿಗೆ ನಾನು ಮೊಂಬತ್ತಿ ಕೊಟ್ಟವಳಲ್ವಾ? ಪೀಠದಲ್ಲಿ ಕೂತವರನ್ನು ಹೀಗೆ ಪೆನ್ನು ಪೇಪರಿನ ನಡುವೆ ಬಿಡೂದಾ?"

ಇವರು ಹತ್ತಿಯಿಂದ ಕುಂಕುಮ ತೆಗೆದು ನಾಣ್ಯವನ್ನು ಡ್ರಾಯರಿಗೆ ಸೇರಿಸಿ ಬೀಗ ಹಾಕಿದರು. ಬೆಳ್ಳಿಯ ಮೇಲೆ ಕೂತ ಆ ಕಪ್ಪೇ ಅದರ ವಯಸ್ಸು, ಅದನ್ನು ಉಜ್ಜಬಾರದು ಎಂದು ನನಗೆ ಹೇಳಿದರು.

ಮರುವರ್ಷ ಇವರ ಹೊಟ್ಟೆಯಲ್ಲಿ ಕ್ಯಾನ್ಸರ್ ಕಾಣಿಸಿತು. ಕೀಮೋ ಮುಗಿಸಿ ಬಂದ ಒಂದು ಮಧ್ಯಾಹ್ನ, ಡ್ರಾಯರ್ ತೆಗೆ ಎಂದು ನನಗೆ ಹೇಳಿ, ನಾಣ್ಯವನ್ನು ತಾವೇ ತಾಯಿಯ ಅಂಗೈಯಲ್ಲಿಟ್ಟರು.

"ತಗೋ ಅಮ್ಮ. ಎಷ್ಟು ಬೇಕೋ ಅಷ್ಟು ಕುಂಕುಮ ಹಚ್ಚು."

ಅತ್ತೆ ಅದನ್ನು ದೇವರ ಗೂಡಿಗೆ ಒಯ್ದರು. ಆ ಮನುಷ್ಯ ಆಸೆ ಬಿಟ್ಟಿದ್ದಾರೆ ಎಂದು ನನಗೆ ಆಗಲೇ ಗೊತ್ತಾಯಿತು.

ಅತ್ತೆ ದಿನವೂ ಪೂಜೆ ಮಾಡಿದರು, ಹರಕೆ ಹೊತ್ತರು. ದೀಪಾವಳಿಗೆ ಮೊದಲೇ ಇವರು ಹೋದರು. ಅತ್ತೆಯ ಕಣ್ಣಲ್ಲಿ ನೀರು ಬರಲಿಲ್ಲ. ಸೂತಕ ಕಳೆದ ಮೇಲೆ ನೋಡಿದರೆ ಸಿಂಕಿನ ಮುಂದೆ ನಿಂತು, ಹುಣಸೆಹಣ್ಣು ಹಾಕಿ ನಾಣ್ಯವನ್ನು ತಿಕ್ಕುತ್ತಿದ್ದರು. ನಾನು ಕೈ ಹಿಡಿಯುವಷ್ಟರಲ್ಲಿ ಕಪ್ಪೆಲ್ಲ ಹೋಗಿ, ಹೊಸ ಚಮಚದ ಹಾಗೆ ಬೆಳ್ಳಗಾಗಿತ್ತು.

"ಕೂತವನು ಏಳಲೇ ಇಲ್ಲ" ಎಂದು ಅದನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಅವರು ದೀಪ ಹಚ್ಚಿಲ್ಲ.

ಹೋದ ತಿಂಗಳು ಸಂಜೆ ಆಫೀಸಿನಿಂದ ಬಂದರೆ ಅತ್ತೆ ಮನೆಯಲ್ಲಿರಲಿಲ್ಲ. ಹುಡುಕುತ್ತ ಕೆಳಗಿಳಿದರೆ, ಪಕ್ಕದ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಕಂಬಗಳ ನಡುವಿನ ಆ ಖಾಲಿ ನೆಲಮಹಡಿಯಲ್ಲಿ, ಚೀನೀಯರು ತಮ್ಮ ಮನೆಯ ಸಾವಿಗೆ ಚಪ್ಪರ ಹಾಕಿದ್ದರು. ಅಗರಬತ್ತಿಯ ಹೊಗೆ, ಹೂವಿನ ನಡುವೆ ಯಾರೋ ನಡುವಯಸ್ಸಿನ ಗಂಡಸಿನ ಫೋಟೋ. ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತೆ ಕೂತು, ಸೆರಗು ಬಾಯಿಗೊತ್ತಿ, ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

"ಆಂಟಿ ನೋ ಹಸ್ಬೆಂಡ್, ಈಸ್ ಇಟ್?" ಎಂದು ಸತ್ತವರ ಮನೆಯ ಹೆಂಗಸು ನನ್ನನ್ನು ಮೆಲ್ಲಗೆ ಕೇಳಿದಳು.

"ಸನ್" ಎಂದೆ.

ಅವಳು ಸಾವಿಗೆ ಬಂದವರಿಗೆಂದು ಇಟ್ಟಿದ್ದ ನೆಲಗಡಲೆಯ ತಟ್ಟೆಯನ್ನು ಅತ್ತೆಯ ಮುಂದೆ ಸರಿಸಿ, ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟಳು.