ಸೂಜಿ, ಹುಣಸಿಹಣ್ಣು, ಬಿಳಿ ಎತ್ತು

ನಮ್ಮ ಡಾಕ್ಟರ್ ಮೊಹಿನುದ್ದೀನ್ ಸಾಹೇಬರು ಆಡುಗಳಿಗೂ ಬಹುವಚನ ಹಚ್ಚುತ್ತಿದ್ದರು. ಕೊಪ್ಪಳದ ದವಾಖಾನೆಯ ಪಡಸಾಲೆಗೆ ಆಡು ನುಗ್ಗಿದರೆ, "ಆ ಕಡೆ ಹೋಗ್ರಿ, ಇಲ್ಲೆ ನಿಮಗ ಔಷಧ ಇಲ್ರಿ" ಎನ್ನುವರು. ಕೈ ಮುಗಿಯುವುದೊಂದು ಬಾಕಿ. ಹೈದರಾಬಾದಿನಿಂದ ಬಂದಾಗ ಅವರಿಗೆ ಉರ್ದು ಬಿಟ್ಟರೆ ಇಲ್ಲಿನ ಒಂದು ಮಾತೂ ಬರುತ್ತಿರಲಿಲ್ಲ. ಕನ್ನಡ ಕಲಿತದ್ದೆಲ್ಲ ರೋಗಿಗಳ ಬಾಯಿಂದ. ರೋಗಿಗಳು ಡಾಕ್ಟರರ ಮುಂದೆ 'ರಿ' ಹಚ್ಚದೆ ಬಾಯಿ ಬಿಡುತ್ತಾರೆಯೇ? ಕನ್ನಡ ಎಂದರೆ ಹೀಗೇ ಇರುತ್ತದೆಂದು ಸಾಹೇಬರು ತಿಳಿದುಬಿಟ್ಟರು. ನಾನು ಅಲ್ಲಿ ಕಂಪೌಂಡರ್. ತಿದ್ದುವ ಮನಸ್ಸೇ ಆಗಲಿಲ್ಲ, ಕೇಳಲಿಕ್ಕೆ ಅಷ್ಟು ಚೆಂದವಿತ್ತು.

ಅವರಿಗೊಂದು ಹುಚ್ಚಿತ್ತು. ಮುಪ್ಪಿನಲ್ಲಿ ಮನುಷ್ಯನ ನೆನಪು ಹೇಗೆ ಸವೆಯುತ್ತದೆ, ಅದನ್ನು ಜ್ವರದಂತೆ ಅಳೆಯಲು ಬರುತ್ತದೆಯೇ ಎಂಬ ಹುಚ್ಚು. ವಿಲಾಯಿತಿಯಲ್ಲಿ ಅಂಥ ಪರೀಕ್ಷೆಗಳಿವೆಯಂತೆ. ಆ ಪ್ರಶ್ನೆಗಳು ನಮ್ಮ ಮಂದಿಗೆ ಹೊಂದುವುದಿಲ್ಲ, ನಾವೇ ಬೇರೆ ಕಟ್ಟಬೇಕು ಎನ್ನುತ್ತಿದ್ದರು. ಮೊದಮೊದಲು "ಇದು ಯಾವ ವರ್ಷರಿ?" ಎಂದು ಕೇಳಿ ನೋಡಿದರು. ಕಚೇರಿಯ ಗುಮಾಸ್ತ ಸರಕಾರಿ ಕಂದಾಯದ ಫಸಲಿ ವರ್ಷದ ಲೆಕ್ಕ ಹೇಳಿದ. ಮಠದ ಅಯ್ಯನವರು ಸಂವತ್ಸರದ ಹೆಸರು ಹೇಳಿದರು. ಅಳವಂಡಿಯಿಂದ ಚಕ್ಕಡಿಯಲ್ಲಿ ಬಂದ ಮುದುಕನೊಬ್ಬ "ಜ್ವಾಳ ಛಲೋ ಬಂದ ವರ್ಷರಿ" ಎಂದ. ಮೂರೂ ಸರಿಯೆಂದು ಒಪ್ಪಿಕೊಂಡು ಸಾಹೇಬರು ಆ ಪ್ರಶ್ನೆಯನ್ನೇ ಕೈಬಿಟ್ಟರು.

ಆಮೇಲೆ ಬಂದದ್ದು ಮೂರು ಮಾತಿನ ಪರೀಕ್ಷೆ. ತಲೆ ನರೆತವರು ಯಾವ ಬೇನೆಗೆ ಬಂದರೂ ಸರಿ, ಸಾಹೇಬರು ಅವರ ಕಣ್ಣಲ್ಲಿ ಕಣ್ಣಿಟ್ಟು, "ಸೂಜಿ, ಹುಣಸಿಹಣ್ಣು, ಬಿಳಿ ಎತ್ತು. ನೆನಪಿಡ್ರಿ" ಎನ್ನುವರು. ನಾಡಿ ನೋಡಿ, ನಾಲಗೆ ನೋಡಿ, ನಾನು ಔಷಧದ ಶೀಸೆ ಕೈಗೆ ಕೊಡುವ ಹೊತ್ತಿಗೆ, "ನಾ ಏನ ಹೇಳಿದ್ದೆರಿ?" ಎಂದು ಕೇಳುವರು. ಮೊದಲ ವಾರ ಕೆಲವರು ಹೇಳಿದರು, ಕೆಲವರು ತಡವರಿಸಿದರು. ತಿಂಗಳು ಕಳೆಯುವುದರೊಳಗೆ ಒಬ್ಬರೂ ತಪ್ಪಲಿಲ್ಲ! ಇಲ್ಲಿನ ನೀರಿನಲ್ಲೇ ಏನೋ ಗುಣವಿದೆ ಎಂದು ಸಾಹೇಬರು ಹಿಗ್ಗಿದರು.

ಅಸಲು ಸಂಗತಿ ನನಗೆ ತಿಳಿದದ್ದು ನಮ್ಮ ಮನೆಯಲ್ಲೇ. ಎರಡನೆಯ ಮಹಾಯುದ್ಧದ ಕಾಲ, ಚಳಿಜ್ವರಕ್ಕೆ ಕ್ವಿನೈನ್ ಸಿಗುತ್ತಿರಲಿಲ್ಲ. ಗುಳಿಗೆ ಇಲ್ಲದ್ದಕ್ಕೆ ಡಾಕ್ಟರು ಮಂತ್ರ ಕೊಡುತ್ತಿದ್ದಾರೆಂದು ಊರು ನಂಬಿತ್ತು. ಚಳಿಜ್ವರ ಬಂದವರು ಕಂಬಳಿ ಹೊದ್ದು, ಹಲ್ಲು ಕಡಿಯುತ್ತಾ, ಸೂಜಿ-ಹುಣಸಿಹಣ್ಣು-ಬಿಳಿ ಎತ್ತು ಎಂದು ಜಪಿಸುತ್ತಿದ್ದರು. ನಮ್ಮವ್ವ ಗೌರವ್ವನೂ ಮುಂಜಾನೆ ವಿಭೂತಿ ಹಚ್ಚಿಕೊಂಡು ಅದನ್ನೇ ಹೇಳುತ್ತಿದ್ದಳು. ಸಾಹೇಬರಿಗೆ ತಿಳಿಸಿದೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಜ್ವರ ಇಳೀತೇನ್ರಿ?" ಎಂದು ಕೇಳಿದರು. ಕೆಲವರದು ಇಳಿದಿದೆ ಎಂದೆ. "ಹಂಗಾರ ಹೇಳಲಿ ಬಿಡ್ರಿ."

ಆದರೆ ಅದೇ ದಿನಗಳಲ್ಲಿ ನನ್ನ ನಗು ಹೋಗಿತ್ತು. ಅವ್ವ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ತೀರಿಹೋದ ಅಪ್ಪ ಹೊಲದಿಂದ ಇನ್ನೂ ಬರಲಿಲ್ಲವೆಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ನನ್ನ ಹೆಂಡತಿಯನ್ನು ತೋರಿಸಿ, "ಈ ಹುಡುಗಿ ಯಾರ ಮಗಳು?" ಎಂದು ನನ್ನನ್ನೇ ಕೇಳಿದಳು. ನವಲಿಯಿಂದ ಬಂದ ಸೋದರಮಾವ, ಗಾಳಿ ಸೋಕಿದೆ ಎಂದು ತೀರ್ಮಾನ ಕೊಟ್ಟ. ದೆವ್ವ ಬಿಡಿಸುವವನೊಬ್ಬನನ್ನು ಗೊತ್ತು ಮಾಡಿ, ಅವಳನ್ನು ಒಯ್ಯಲು ಚಕ್ಕಡಿಯನ್ನೂ ತಂದಿದ್ದ. "ಹುಣಸಿ ಬರಲೀಲೆ ನಾಕು ಹಾಕಿದ್ರ ಎಲ್ಲಾ ನೆನಪ ಬರ್ತಾವ" ಎಂದ. ಅಂದೇ ಸಂಜೆ ಸಾಹೇಬರನ್ನು ಮನೆಗೆ ಕರೆತಂದೆ.

ಅವ್ವ ಅವರನ್ನು ಕಂಡವಳೇ, ಕೇಳುವ ಮೊದಲೇ ಮೂರು ಮಾತನ್ನೂ ಒಪ್ಪಿಸಿಬಿಟ್ಟಳು. ಮಾವನಿಗೆ ಅಚ್ಚರಿ. ನನಗೂ ಒಂದು ಕ್ಷಣ ಆಸೆ. ಸಾಹೇಬರು ಮಾತ್ರ ನಗಲಿಲ್ಲ. ಅದು ದಿನಾ ಜಪಿಸಿ ಬಾಯಿಪಾಠವಾದದ್ದೆಂದು ಅವರಿಗೆ ಗೊತ್ತಿತ್ತು. ಅವಳು ಕುಳಿತಿದ್ದ ಕೌದಿಯನ್ನು ನೋಡಿದರು. ಮನೆಮಂದಿಯ ಹಳೆ ಬಟ್ಟೆಯ ತುಂಡುಗಳನ್ನೆಲ್ಲ ಕೂಡಿಸಿ ಅವಳೇ ಹೊಲಿದ ಕೌದಿ.

"ಅವ್ವಾರ, ಈ ತುಂಡು ಯಾರದ್ರಿ?"

"ನಮ್ಮವ್ವನ ಇಳಕಲ್ಲ ಸೀರಿದು."

"ಇದು?"

"ನಮ್ಮ ಯಜಮಾನ್ರ ರುಮಾಲಿಂದು. ಇದು ಇವ ಕೂಸಿದ್ದಾಗಿನ ಕುಂಚಿಗಿ. ಉಚ್ಚಿ ಹೊಯ್ದು ಹೊಯ್ದು ಬಣ್ಣಾನ ಹೋಗೇತಿ ನೋಡ್ರಿ."

ಅವಳ ಬೆರಳು ತುಂಡಿನಿಂದ ತುಂಡಿಗೆ ಹಾಯುತ್ತಾ ಹೋಯಿತು. ಒಂದೂ ತಪ್ಪಲಿಲ್ಲ. ಸಾಹೇಬರು ಅಂಚಿನ ಹಸಿರು ತುಂಡನ್ನು ಮುಟ್ಟಿದರು. ನನ್ನ ಹೆಂಡತಿಯ ಮದುವೆ ಸೀರೆ, ಹಿಂದಿನ ವರ್ಷ ಅವ್ವನೇ ಹಚ್ಚಿ ಹೊಲಿದದ್ದು. ಅವ್ವ ಬಹಳ ಹೊತ್ತು ನೋಡಿದಳು.

"ಇದು ನಮ್ಮನಿದಲ್ರಿ. ಯಾರೋ ತಂದು ಹಚ್ಚ್ಯಾರ."

ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಸಾಹೇಬರು ನನ್ನನ್ನು ಅಂಗಳಕ್ಕೆ ಕರೆದು ಹೇಳಿದರು: "ವೀರಪ್ಪನವರ, ಹಳೇದು ಗಟ್ಟಿ ಐತ್ರಿ. ಹೊಸಾದು ಇನ್ನ ನಿಲ್ಲಂಗಿಲ್ರಿ. ಇದಕ್ಕ ನನ್ನ ಕಡೆ ಔಷಧ ಇಲ್ರಿ." ಮಾವ ಮತ್ತೆ ಬರಲಿನ ಏಟಿನ ಮಾತು ತೆಗೆದ. ಸಾಹೇಬರು ಅವನತ್ತ ತಿರುಗಿ, "ಬಡದ್ರ ನೆನಪ ಬರೂದಾಗಿದ್ರ, ನಮ್ಮ ಮೌಲ್ವಿ ಸಾಹೇಬ್ರ ಕೈಯಾಗ ನಾ ದೊಡ್ಡ ಪಂಡಿತ ಆಗತಿದ್ದೆರಿ. ಅವ್ವಾರನ್ನ ಮುಟ್ಟಬ್ಯಾಡ್ರಿ. ಎಲ್ಲೂ ಕಳಸಬ್ಯಾಡ್ರಿ" ಎಂದರು. ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮಾವ ಬರಿ ಚಕ್ಕಡಿ ಹೊಡೆದುಕೊಂಡು ಹೋದ.

ಅಂದಿನಿಂದ ದವಾಖಾನೆ ಮುಚ್ಚಿದ ಮೇಲೆ ಸಾಹೇಬರು ದಿನಾಲು ನಮ್ಮ ಕಟ್ಟೆಗೆ ಬರತೊಡಗಿದರು. ಪರೀಕ್ಷೆಗಲ್ಲ, ಸುಮ್ಮನೆ. ಅವ್ವನಿಗೆ ಅವರು ದಿನಾ ಹೊಸಬರು.

"ಯಾವೂರಪಾ ತಮ್ಮಾ ನಿಂದು?"

"ಹೈದರಾಬಾದ್ ರಿ, ಅವ್ವಾರ."

"ನಿಮ್ಮವ್ವ ಅದಾಳೇನು?"

"ಇಲ್ರಿ. ನಾ ಸಣ್ಣಾಂವ ಇದ್ದಾಗ ತೀರಿಕೊಂಡ್ರು."

"ಅಯ್ಯ ನನ್ನ ಕೂಸ!" ಎಂದು ಅವ್ವ ಅವರ ಗಲ್ಲ ಸವರಿ, ಕಣ್ಣೊರೆಸಿಕೊಂಡು, ಮಜ್ಜಿಗೆ ತರಲು ಏಳುವಳು. ಬೇರೆ ಜಾತಿಯವರಿಗೆಂದು ಗೂಡಿನಲ್ಲಿ ಮೊದಲಿಂದಲೂ ಬೇರೆ ಲೋಟ ಇಟ್ಟಿದ್ದಳು, ಸಾಹೇಬರಿಗೂ ಅದರಲ್ಲೇ ಕೊಡುತ್ತಿದ್ದಳು. ಆಗಿನ ಕಾಲ ಹಾಗಿತ್ತು. ಕೆಲವು ದಿನಗಳಲ್ಲಿ ಅದನ್ನೂ ಮರೆತು, ಮನೆಮಂದಿ ಕುಡಿಯುವ ಹಿತ್ತಾಳೆ ಲೋಟದಲ್ಲೇ ಕೊಡತೊಡಗಿದಳು. ಸಾಹೇಬರು ಲೋಟವನ್ನು ತಿರುಗಿಸಿ ನೋಡಿ, ಮೆಲ್ಲಗೆ ನನಗೆ ಹೇಳಿದರು: "ಒಂದೊಂದು ಮರೆವು ಛಲೋ ಇರ್ತಾವ್ರಿ."

ದಿನಾ ಅದನ್ನೇ ಹೇಳಿ ಬೇಸರವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ದಿನಾ ಐದು ಹೊತ್ತು ಅದೇ ನಮಾಜ್ ಮಾಡ್ತೀನ್ರಿ. ಬ್ಯಾಸರಂದ್ರ ಹೆಂಗ್ರಿ?" ಎಂದರು. ಲೋಟ ಕೆಳಗಿಟ್ಟು, "ನಮ್ಮ ಅಮ್ಮಾ ಸತ್ತಾಗ ನಾ ಭಾಳ ಸಣ್ಣಾಂವರಿ. ಯಾರೂ ನನ್ನ ಮುಂದ ಕುಂತು ಅತ್ತಿರಲಿಲ್ಲ. ಈಗ ದಿನಾ ಒಬ್ಬರು ಅಳ್ತಾರ" ಎಂದರು.

ಯುದ್ಧ ಮುಗಿದ ಮೇಲೆ ಅವರಿಗೆ ವರ್ಗವಾಯಿತು. ರೈಲಿಗೆ ಹೋಗುವ ಮುಂಚೆ ಕಟ್ಟೆಗೆ ಬಂದರು. ಟಾಂಗಾ ಬೀದಿಯಲ್ಲಿ ನಿಂತಿತ್ತು. ಹೊರಟಿದ್ದೇನೆಂದು ಅವ್ವನಿಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಅವ್ವ ಎಂದಿನಂತೆ ಕೇಳಿದಳು.

"ಯಾವೂರಪಾ ತಮ್ಮಾ ನಿಂದು?"

ಸಾಹೇಬರು ನನ್ನನ್ನು ನೋಡಿದರು, ಅವ್ವನನ್ನು ನೋಡಿದರು. "ಇದೇ ಊರ್ರಿ, ಅವ್ವಾರ."

"ಹಂಗಾರ ನಾಳೆ ಬಾ. ಮಜ್ಜಿಗಿ ಮಾಡಿಟ್ಟಿರ್ತೀನಿ."

"ಹೂನ್ರಿ" ಎಂದು ಅವಳ ಕಾಲು ಮುಟ್ಟಿ ಹೋದರು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಮರುದಿನ ಸಂಜೆ ದವಾಖಾನೆಯಿಂದ ಬಂದಾಗ ಕಟ್ಟೆಯ ಮೇಲೆ ಕೌದಿ ಹಾಸಿತ್ತು. ಪಕ್ಕದಲ್ಲಿ ಹಿತ್ತಾಳೆ ಲೋಟದ ತುಂಬ ಮಜ್ಜಿಗೆ. ಅವ್ವ ಬೀದಿ ನೋಡುತ್ತಾ ಕುಳಿತಿದ್ದಳು.

"ಯಾರ ಬರ್ತಾರಬೇ?" ಎಂದೆ.

"ಯಾರಂತ ನನಗ ಗೊತ್ತಿಲ್ಲಪಾ."

ಕತ್ತಲಾಗುತ್ತಿತ್ತು. ಒಳಗೆ ನಡಿ ಎಂದು ಅವಳ ಕೈ ಹಿಡಿದು ಎಬ್ಬಿಸಿ, ಬಾಗಿಲು ಹಾಕಲು ಹೋದೆ. ಅವ್ವ ನನ್ನ ರಟ್ಟೆ ಹಿಡಿದು ಜಗ್ಗಿದಳು.

"ಹಾಕಬ್ಯಾಡೋ. ತಾಯಿ ಇಲ್ಲದ ಕೂಸದು."